ಸೂಕ್ಷ್ಮದರ್ಶಕದಲ್ಲಿ ವೈರಸ್ ಕೆಂಪಾಗಿ ಕಾಣುತ್ತದೆಯೇ? ಈ ಕೆಲಸಕ್ಕೆ ಡಾಕ್ಟರೇ ಆಗಬೇಕೇ?

ಬೂದು ಬಣ್ಣದ ಚೆಂಡು, ಮೈತುಂಬ ಕೆಂಪು ಮುಳ್ಳು. ಕೊರೊನಾ ವೈರಸ್‌ನ ‘ಫೋಟೋ’ ಎಂದು ಇದು ನಿಮ್ಮ ಫೋನಿಗೂ ಬಂದಿರಬಹುದು. ಇದು ಫೋಟೋ ಅಲ್ಲ. ಅಮೆರಿಕದ ಸಿಡಿಸಿ ಸಂಸ್ಥೆಯ ಚಿತ್ರಕಾರರು 2020ರಲ್ಲಿ ಕಂಪ್ಯೂಟರ್‌ನಲ್ಲಿ ರಚಿಸಿದ ಚಿತ್ರ.

ನಿಜವಾದ ಫೋಟೋ ಹೇಗಿರುತ್ತದೆ?

ಕಪ್ಪು-ಬಿಳುಪು. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೋಮೀಟರ್‌ಗಿಂತ ಚಿಕ್ಕ ವಿವರ ಸ್ಪಷ್ಟವಾಗಿ ಕಾಣುವುದಿಲ್ಲ. ಕೊರೊನಾ ವೈರಸ್ ಸುಮಾರು 100 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದಲ್ಲಿ 10,000 ವೈರಸ್‌ಗಳನ್ನು ಸಾಲಾಗಿ ಇಡಬಹುದು. ಹಾಗಾಗಿ ಬೆಳಕಿನ ಬದಲು ಎಲೆಕ್ಟ್ರಾನ್‌ಗಳನ್ನು ಬಳಸುತ್ತಾರೆ. ಎಲೆಕ್ಟ್ರಾನ್‌ಗೆ ಬಣ್ಣ ತೋರಿಸುವ ಗುಣವಿಲ್ಲ. ಬಣ್ಣವಿದ್ದರೆ ಅದನ್ನು ನಂತರ ಸೇರಿಸಿದ್ದಾರೆ ಎಂದರ್ಥ.

ಕೇರಳದಲ್ಲಿ 2020ರ ಜನವರಿ 30ರಂದು ದೃಢಪಟ್ಟ ದೇಶದ ಮೊದಲ ಪ್ರಕರಣದ ಮಾದರಿಯಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ತೆಗೆದ ಚಿತ್ರವೂ ಬೂದು ಬಣ್ಣದ್ದೇ. ಅದರಲ್ಲಿ ಚೆನ್ನಾಗಿ ಕಂಡ ಒಂದು ವೈರಸ್‌ನ ಗಾತ್ರ 75 ನ್ಯಾನೋಮೀಟರ್.

ಹಾಗಾದರೆ ಬೆಳಕಿನ ಸೂಕ್ಷ್ಮದರ್ಶಕ ಹಳತಾಯಿತೇ?

ಇಲ್ಲ. ಕ್ಷಯದ ರೋಗಾಣು ವೈರಸ್‌ಗಿಂತ ಎಷ್ಟೋ ದೊಡ್ಡದು. ಕಫಕ್ಕೆ ಬಣ್ಣ ಹಚ್ಚಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂತೆ ಕಾಣುತ್ತದೆ. ಜೀವಂತ ಜೀವಕೋಶ ನೋಡಲೂ ಬೆಳಕೇ ಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ನಿರ್ವಾತ ಇರುವುದರಿಂದ ಅಲ್ಲಿ ಜೀವಕೋಶ ಬದುಕುವುದಿಲ್ಲ.

ಈ ಕೆಲಸ ಡಾಕ್ಟರರಿಗೆ ಮಾತ್ರವೇ?

ಇದೂ ತಪ್ಪು ತಿಳಿವಳಿಕೆ. ಮನುಷ್ಯರ ಕೊರೊನಾ ವೈರಸ್‌ನ ಚಿತ್ರವನ್ನು 1960ರ ದಶಕದಲ್ಲಿ ಮೊದಲು ತೆಗೆದ ಜೂನ್ ಅಲ್ಮೇಡಾ, ಗ್ಲಾಸ್ಗೋದ ಬಸ್ ಚಾಲಕರೊಬ್ಬರ ಮಗಳು. 16ನೇ ವಯಸ್ಸಿಗೆ ಶಾಲೆ ಬಿಟ್ಟು ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಸೇರಿದವರು.

ಇಂದು ಓದು ಬೇಕೇ ಬೇಕು, ಆದರೆ ದಾರಿ ಒಂದೇ ಅಲ್ಲ. ಹುಮನಾಬಾದ್, ಬಸವಕಲ್ಯಾಣದ ಕಡೆಯ ದುಬಲಗುಂಡಿಯಂಥ ಊರಿನ ಹುಡುಗಿ ಪಿಯುಸಿ ವಿಜ್ಞಾನದ ಬಳಿಕ ಲ್ಯಾಬ್ ಟೆಕ್ನಾಲಜಿ ಓದಿದರೆ ಆಸ್ಪತ್ರೆಯ ಲ್ಯಾಬ್ ಸೇರಬಹುದು. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದರೆ ಸಂಶೋಧನಾ ಸಂಸ್ಥೆಗಳ ಕಡೆ ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎನ್‌ಸಿಬಿಎಸ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿವೆ. ಮಾದರಿಯನ್ನು ನೂರು ನ್ಯಾನೋಮೀಟರ್‌ಗಿಂತ ತೆಳ್ಳಗೆ ಕತ್ತರಿಸುವವರು, ಯಂತ್ರ ನೋಡಿಕೊಳ್ಳುವವರು, ಕಂಪ್ಯೂಟರ್‌ನಲ್ಲಿ ಚಿತ್ರ ಅಳೆಯುವವರು, ಎಲ್ಲರೂ ಅಲ್ಲಿ ಬೇಕು. ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರಿಗೂ ಜಾಗವಿದೆ. ಸ್ವಂತ ಸಂಶೋಧನೆ ನಡೆಸಬೇಕೆಂದರೆ ಪಿಎಚ್.ಡಿ. ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು: ಒಂದು ಮಾದರಿ ಸಿದ್ಧಪಡಿಸಲು ಹಲವು ದಿನ ಹಿಡಿಯುತ್ತದೆ, ಕೈ ತಪ್ಪಿದರೆ ಮತ್ತೆ ಮೊದಲಿನಿಂದ.

ಕೊನೆಯದಾಗಿ

ಬಣ್ಣ ಸೇರಿಸಿದ ಚಿತ್ರವೆಲ್ಲ ಸುಳ್ಳಲ್ಲ. ಭಾಗಗಳನ್ನು ಗುರುತಿಸಲು ವಿಜ್ಞಾನಿಗಳೇ ಬಣ್ಣ ಕೊಡುತ್ತಾರೆ, ಹಾಗೆಂದು ಬರೆಯುತ್ತಾರೆ. ‘ಅಸಲಿ ಬಣ್ಣ’ ಎಂದು ಬರೆದಿದ್ದರೆ ಮಾತ್ರ ಅದನ್ನು ಮುಂದೆ ಕಳಿಸಬೇಡಿ. ಪಿಯುಸಿ ಓದುವ ಮಕ್ಕಳು ಮನೆಯಲ್ಲಿದ್ದರೆ ಈ ಲೇಖನ ಅವರಿಗೆ ಕಳಿಸಿ.