ಕಡಲಾಚೆಯ ಮೇಷ್ಟರು ಮತ್ತು ಸಂಬಳದ ಲೆಕ್ಕ

ವಿದುರಾಶ್ವತ್ಥ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡು ಸಂಗತಿಗಳು. ಮೊದಲನೆಯದು ಉತ್ತರ ಪಿನಾಕಿನಿಯ ದಡದ ಅಶ್ವತ್ಥಕಟ್ಟೆ ಮತ್ತು ಅದರ ಸುತ್ತ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳು. ಎರಡನೆಯದು 1938ರ ಏಪ್ರಿಲ್ 25. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜವನ್ನು ಹಾರಿಸುವ ಹಕ್ಕಿಗಾಗಿ ನಡೆದ ಸತ್ಯಾಗ್ರಹದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಅಂದು ಗುಂಡು ಹಾರಿಸಿದರು. ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಈ ಪಾಠವನ್ನು ವರ್ಷವರ್ಷವೂ ಮಾಡಿದ್ದೇನೆ. ಪಾಠ ಮುಗಿದ ಮೇಲೆ ಮಕ್ಕಳಿಗೆ ಪಠ್ಯದಲ್ಲಿಲ್ಲದ ಒಂದು ಮಾತನ್ನು ಹೇಳುತ್ತಿದ್ದೆ. ತಮ್ಮ ನೆಲದಲ್ಲಿ ತಮ್ಮ ಸ್ಥಾನವೇನು ಎಂಬ ಪ್ರಶ್ನೆ ಧ್ವಜಸ್ತಂಭದ ಬಳಿ ಮಾತ್ರ ಏಳಲಿಲ್ಲ; ಕಾಲೇಜುಗಳ ಸಂಬಳದ ಪುಸ್ತಕದಲ್ಲಿಯೂ ಅದೇ ಪ್ರಶ್ನೆ ಸದ್ದಿಲ್ಲದೆ ಕುಳಿತಿತ್ತು ಎಂದು. ಪರದೇಶಕ್ಕೆ ಹೋಗಿ ಪಾಠ ಹೇಳಿದ ಅಧ್ಯಾಪಕರ ಸಂಬಳ, ಸವಲತ್ತು, ಬಾಳುವೆಗಳ ಆ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಬ್ರಿಟಿಷ್ ಇಂಡಿಯಾದಲ್ಲಿ 1896ರ ಯೋಜನೆಯಂತೆ ವಿದ್ಯಾ ಇಲಾಖೆಯ ಮೇಲಿನ ಹುದ್ದೆಗಳು ಎರಡು ಪಂಕ್ತಿಗಳಾಗಿ ಒಡೆದವು. ಇಂಗ್ಲೆಂಡಿನಲ್ಲಿ ಆಯ್ಕೆಯಾಗಿ ಬಂದವರಿಗೆ ಇಂಡಿಯನ್ ಎಜುಕೇಷನಲ್ ಸರ್ವಿಸ್. ತಿಂಗಳಿಗೆ 500 ರೂಪಾಯಿಯಿಂದ ಆರಂಭವಾಗಿ ವರ್ಷವರ್ಷವೂ ಏರುತ್ತ 1,000 ರೂಪಾಯಿ ಮುಟ್ಟುವ ಶ್ರೇಣಿ. ಇಲ್ಲಿಯೇ ನೇಮಕಗೊಂಡವರಿಗೆ ಪ್ರಾಂತೀಯ ಸೇವೆ. ಅದರ ಶ್ರೇಣಿ ಬಹಳ ಕೆಳಗಿನದು. ತಾರತಮ್ಯ ಅದಕ್ಕೂ ಹಿಂದಿನದೇ. 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ ಜಗದೀಶಚಂದ್ರ ಬೋಸರಿಗೆ ಭಾರತೀಯರೆಂಬ ಕಾರಣಕ್ಕೆ ಯೂರೋಪಿಯನ್ ಪ್ರಾಧ್ಯಾಪಕರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಸಲ್ಲುತ್ತಿತ್ತು. ಹುದ್ದೆ ತಾತ್ಕಾಲಿಕವೆಂದು ಅದರಲ್ಲಿಯೂ ಅರ್ಧ ಕಡಿತವಾಗಿ ಉಳಿದದ್ದು ಮೂರನೆಯ ಒಂದು ಪಾಲು. ಬೋಸರು ಜಗಳವಾಡಲಿಲ್ಲ. ಪಾಠವನ್ನು ತಪ್ಪದೆ ಮಾಡುತ್ತ ಮೂರು ವರ್ಷ ಆ ಸಂಬಳವನ್ನು ಮುಟ್ಟದೆ ಬಿಟ್ಟರು. ಕೊನೆಗೆ ಸರ್ಕಾರ ಪೂರ್ಣ ಸಂಬಳವನ್ನು ಹಿಂಬಾಕಿಯ ಸಮೇತ ಕೊಡಬೇಕಾಯಿತು. ಎಡಿನ್‌ಬರೋದಲ್ಲಿ ಡಾಕ್ಟರೇಟ್ ಪಡೆದು ಬಂದ ಪ್ರಫುಲ್ಲಚಂದ್ರ ರಾಯರಿಗೆ 1889ರಲ್ಲಿ ಅದೇ ಕಾಲೇಜಿನಲ್ಲಿ ದೊರೆತದ್ದು ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಹುದ್ದೆ. ಒಂದೇ ಪ್ರಯೋಗಶಾಲೆ, ಒಂದೇ ವಿದ್ಯಾರ್ಥಿವೃಂದ. ಸಂಬಳ ಮಾತ್ರ ಹುಟ್ಟಿದ ಊರನ್ನು ನೋಡಿ ನಿಗದಿಯಾಗುತ್ತಿತ್ತು.

ನ್ಯಾಯವಾಗಿ ನೋಡುವವನು ಎದುರುಪಕ್ಷದ ವಾದವನ್ನೂ ಕೇಳಬೇಕು. ಸಮುದ್ರ ದಾಟಿ ಬಂದವನು ಎರಡು ಮನೆಗಳನ್ನು ನಡೆಸಬೇಕಾಗಿತ್ತು. ಮಕ್ಕಳು ಏಳೆಂಟು ವರ್ಷದವರಾದೊಡನೆ ಓದಿಗಾಗಿ ಇಂಗ್ಲೆಂಡಿಗೆ ಹೋಗುತ್ತಿದ್ದರು; ಅವರ ಖರ್ಚು ಪೌಂಡಿನಲ್ಲಿ, ಇವನ ಸಂಬಳ ರೂಪಾಯಿಯಲ್ಲಿ. 1870ರ ದಶಕದ ಆರಂಭದಲ್ಲಿ ಸುಮಾರು 2 ಷಿಲಿಂಗ್ ಬಾಳುತ್ತಿದ್ದ ರೂಪಾಯಿ, ಬೆಳ್ಳಿಯ ಬೆಲೆ ಕುಸಿದಂತೆ 1890ರ ದಶಕದ ನಡುವಿಗೆ 1 ಷಿಲಿಂಗ್ 2 ಪೆನ್ಸ್ ಆಸುಪಾಸಿಗೆ ಇಳಿಯಿತು. ಸಂಬಳದ ಅಂಕಿ ಬದಲಾಗಲಿಲ್ಲ. ಊರಿಗೆ ತಲಪುವ ಹಣ ಬಹುಮಟ್ಟಿಗೆ ಕರಗಿತು. ಅದಕ್ಕಾಗಿ ಯೂರೋಪಿಯನ್ ನೌಕರರಿಗೆ ವಿನಿಮಯ ಪರಿಹಾರ ಭತ್ಯೆ ಬಂತು. 1924ರ ಲೀ ಆಯೋಗ ಸಾಗರೋತ್ತರ ವೇತನವನ್ನು ಹೆಚ್ಚಿಸಿ, ಸೇವಾವಧಿಯಲ್ಲಿ ನಾಲ್ಕು ಬಾರಿ ಊರಿಗೆ ಹೋಗಿಬರುವ ಹಡಗಿನ ಖರ್ಚನ್ನು ಕೊಡಬೇಕೆಂದು ಶಿಫಾರಸು ಮಾಡಿತು. ಇಂಡಿಯನ್ ಎಜುಕೇಷನಲ್ ಸರ್ವಿಸ್‌ಗೆ ಹೊಸ ನೇಮಕ ನಿಂತದ್ದೂ ಅದೇ ಆಯೋಗದ ಶಿಫಾರಸಿನಿಂದ. ದೂರ ಬಂದವನ ಹೆಚ್ಚುವರಿ ಖರ್ಚಿಗೆ ಭತ್ಯೆ ಕೊಡುವುದು ತಪ್ಪಲ್ಲ. ಆದರೆ ಮೂಲ ವೇತನದಲ್ಲಿಯೇ ಭೇದ ಮಾಡಿ, ಅದನ್ನು ಯೋಗ್ಯತೆಯ ಭೇದವೆಂದು ತೋರಿಸಿದ್ದು ತಪ್ಪು. ಬೋಸರು ಪ್ರತಿಭಟಿಸಿದ್ದು ಈ ಎರಡನೆಯದನ್ನು.

ನಮ್ಮ ಕನ್ನಡನಾಡಿಗೆ ಬಂದ ಪರದೇಶದ ಅಧ್ಯಾಪಕರೆಲ್ಲರೂ ಒಂದೇ ಬಗೆಯವರಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಿಗೆ ಆರಂಭದ ದಶಕಗಳಲ್ಲಿ ದೊರೆಯುತ್ತಿದ್ದುದು ಸಂಬಳವೆನ್ನುವುದಕ್ಕಿಂತ ಜೀವನನಿರ್ವಹಣೆಗೆ ಬೇಕಾದಷ್ಟು ಹಣ. ಮದುವೆಯಾಗಬೇಕಾದರೂ ಬಾಸೆಲ್ ನಗರದ ಸಮಿತಿಯ ಅಪ್ಪಣೆ ಬೇಕು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1853ರಲ್ಲಿ ಬಂದು 1894ರಲ್ಲಿ ನಿಘಂಟನ್ನು ಅಚ್ಚಿನಲ್ಲಿ ಕಂಡ ಕಿಟ್ಟೆಲ್ ಈ ಪರಂಪರೆಯವರು. ಇನ್ನೊಂದು ಕಡೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಜಾನ್ ಗಥ್ರಿ ಟೇಟ್ ಅವರಂಥವರು; ಎಡಿನ್‌ಬರೋದ ಪ್ರಸಿದ್ಧ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್ ಅವರ ಮಗ.

ಮೂರನೆಯ ಬಗೆಯವರು ನೆಲೆ ಕಳೆದುಕೊಂಡು ಬಂದವರು. ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಗಟಿಂಗೆನ್ ವಿಶ್ವವಿದ್ಯಾನಿಲಯದ ಹುದ್ದೆಯಿಂದ ದೂರವಾದ ಮ್ಯಾಕ್ಸ್ ಬಾರ್ನ್, ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935ರಲ್ಲಿ ಪತ್ನಿಯೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ರಾಮನ್ ಅವರಿಗೆ ಇಲ್ಲಿಯೇ ಕಾಯಂ ಪೀಠ ಕೊಡಿಸಲು ಯತ್ನಿಸಿದರು. ಆದರೆ ಪ್ರಾಧ್ಯಾಪಕರ ಸಭೆಯಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರೇ, ಬಾರ್ನ್ ಅಲ್ಲಿಯೇ ಕುಳಿತಿರುವಾಗ, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರಕೀಯ ನಮಗೇಕೆ ಎಂಬರ್ಥದ ಮಾತಾಡಿದರು. ಪೀಠ ದೊರೆಯಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋಗಿ ಕುಳಿತದ್ದು, ನಮ್ಮ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರ ತಂದೆಯ ಹೆಸರಿನ ಟೇಟ್ ಪೀಠದಲ್ಲಿ! 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅದೇ ಸಂಸ್ಥೆಗೆ ಅದೇ ಕಡಲನ್ನು ದಾಟಿ ಬಂದ ಇಬ್ಬರಲ್ಲಿ ಒಬ್ಬರ ಬೆನ್ನಿಗೆ ಸಾಮ್ರಾಜ್ಯವಿತ್ತು, ಇನ್ನೊಬ್ಬರಿಗೆ ದೇಶವೇ ಇರಲಿಲ್ಲ. ಪರದೇಶದ ಅಧ್ಯಾಪಕನ ಬೆಲೆ ಅವನ ವಿದ್ಯೆಗಿಂತ ಹೆಚ್ಚಾಗಿ ಅವನ ಹಿಂದೆ ನಿಂತ ದೇಶದ ಬಲವನ್ನು ಅವಲಂಬಿಸಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯದ ನಂತರ ಹೊಳೆ ತಿರುಗಿ ಹರಿಯಿತು. ಈಗ ಹೊರಟವರು ನಮ್ಮವರು. ಇಟಲಿಯ ಆಕ್ರಮಣದಿಂದ ಬಿಡಿಸಿಕೊಂಡು 1941ರಲ್ಲಿ ಮರಳಿ ಪಟ್ಟವೇರಿದ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಊರೂರಿಗೂ ಶಾಲೆ ತೆರೆಯಲು ಹೊರಟಾಗ, ಅಲ್ಲಿ ಕಲಿತ ಅಧ್ಯಾಪಕರೇ ಸಾಕಷ್ಟು ಇರಲಿಲ್ಲ. ಮೇಲಿನ ತರಗತಿಗಳ ಬೋಧನಾ ಮಾಧ್ಯಮ ಇಂಗ್ಲಿಷ್. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸಬಲ್ಲ, ಬ್ರಿಟಿಷರಿಗಿಂತ ಕಡಿಮೆ ವೇತನಕ್ಕೆ ಒಪ್ಪುವ ಪದವೀಧರರು ಭಾರತದಲ್ಲಿ ಸಿಕ್ಕಿದರು. ಹೆಚ್ಚಿನವರು ಕೇರಳದವರು, ಮಿಕ್ಕ ಪ್ರಾಂತಗಳವರೂ ಇದ್ದರು. ಆಗಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನನ್ನ ಹಿರಿಯ ಸಹೋದ್ಯೋಗಿಯಾಗಿದ್ದವರೊಬ್ಬರು 1960ರ ದಶಕದಲ್ಲಿ ಹೀಗೆ ಹೋಗಿ ಬಂದವರು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಹೇಳುತ್ತಿದ್ದ ಸಂಗತಿಗಳು ನನ್ನ ಮನಸ್ಸಿನಲ್ಲಿ ಇಂದಿಗೂ ಹಸಿರಾಗಿವೆ.

ಅಲ್ಲಿಯ ವರ್ಷಕ್ಕೆ ಹದಿಮೂರು ತಿಂಗಳು. ಗಡಿಯಾರದ ಎಣಿಕೆ ಸೂರ್ಯೋದಯದಿಂದ; ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಅಡ್ಡಿಸ್ ಅಬಾಬ 2,300 ಮೀಟರಿಗೂ ಎತ್ತರದ ಊರಾದ್ದರಿಂದ ನಮ್ಮ ಬಯಲುಸೀಮೆಯವರಿಗೆ ಚಳಿಯೇ ಮೊದಲ ಶತ್ರು. ಊಟಕ್ಕೆ ಹುಳಿ ಬಂದ ಟೆಫ್ ಹಿಟ್ಟಿನ ಇಂಜೆರ. ಆದರೆ ಸಂತೆಯಲ್ಲಿ 'ದಗುಸ' ಎಂಬ ಧಾನ್ಯವನ್ನು ಅಂಗೈಯಲ್ಲಿ ಹಿಡಿದು ನೋಡಿದಾಗ ಅದು ರಾಗಿ! ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನಾಡುಗಳೆಂದೂ, ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂತೆಂದೂ ವಿದ್ವಾಂಸರು ಹೇಳುತ್ತಾರೆ. ನಮ್ಮ ಮೇಷ್ಟರು ಅಂದಿನಿಂದ ಮುದ್ದೆ ತಿರುವಲು ಕಲಿತರು. ಮಾಂಸ ತಿನ್ನುವವರ ನಡುವೆ ಬೇಳೆಕಾಳು ಹುಡುಕುವ ಪಾಡು ತಪ್ಪಿತೆಂದಲ್ಲ. ಆದರೆ ಊಟದ ಖರ್ಚು ಅರ್ಧಕ್ಕರ್ಧ ಇಳಿಯಿತಂತೆ.

ಅವರ ಗಳಿಕೆಯ ಲೆಕ್ಕ ಬಲು ಸ್ವಾರಸ್ಯದ್ದು. ಆಗ ಸುಮಾರು ಎರಡೂವರೆ ಇಥಿಯೋಪಿಯ ಡಾಲರಿಗೆ ಒಂದು ಅಮೆರಿಕನ್ ಡಾಲರು. ನಮ್ಮಲ್ಲಿ ಅಮೆರಿಕನ್ ಡಾಲರಿಗೆ 4 ರೂಪಾಯಿ 76 ಪೈಸೆ. ಎಂದರೆ ಅಲ್ಲಿ ಉಳಿಸಿದ 100 ಡಾಲರು ಊರಿಗೆ ಬರುವಾಗ ಸುಮಾರು 190 ರೂಪಾಯಿ. 1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿ ಡಾಲರಿಗೆ 7 ರೂಪಾಯಿ 50 ಪೈಸೆ ಎಂದಿತು. ಅದೇ 100 ಡಾಲರು ಒಂದೇ ದಿನದಲ್ಲಿ 300 ರೂಪಾಯಿಯಾಯಿತು. ಅವರು ಒಂದು ತರಗತಿಯನ್ನೂ ಹೆಚ್ಚಾಗಿ ತೆಗೆದುಕೊಳ್ಳಲಿಲ್ಲ. ಊರಿನಲ್ಲಿದ್ದ ನಮಗೆ ಸಾಮಾನುಗಳ ಬೆಲೆ ಏರಿತು, ಅವರ ಮನೆಯಲ್ಲಿ ಬಾವಿ ತೋಡುವ ಮಾತು ಎದ್ದಿತು. ತಂಗಿಯ ಮದುವೆ, ಎರಡು ಎಕರೆ ಜಮೀನು, ಹೆಂಚಿನ ಮನೆ, ಎಲ್ಲವೂ ಆ ವರ್ಷಗಳ ಫಲ.

ಅದೃಷ್ಟ ತಿರುಗಿದ ಕಥೆಯೂ ಇದೆ. 1974ರ ಸೆಪ್ಟೆಂಬರಿನಲ್ಲಿ ಸೈನಿಕರು ಚಕ್ರವರ್ತಿಯನ್ನು ಇಳಿಸಿದರು. ಮರುವರ್ಷ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆಮೇಲಿನ ರಕ್ತಪಾತದ ದಿನಗಳಲ್ಲಿ ಅನೇಕ ಭಾರತೀಯ ಅಧ್ಯಾಪಕರು ಗಂಟುಮೂಟೆ ಕಟ್ಟಿದರು. ಅಷ್ಟರಲ್ಲಿ ನೈಜೀರಿಯ ಕೈಬೀಸಿ ಕರೆಯುತ್ತಿತ್ತು. ಪೆಟ್ರೋಲಿಯಂ ಹಣದ ಬಲದಿಂದ 1976ರಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸಿದ ಆ ದೇಶಕ್ಕೂ ನಮ್ಮವರು ಹೋದರು. 1985ರಲ್ಲಿ 100 ನೈರಾ ಸುಮಾರು 1,300 ರೂಪಾಯಿಗೂ ಮಿಕ್ಕಿ ಬಾಳುತ್ತಿತ್ತು. 1986ರ ಆರ್ಥಿಕ ಪುನರ್‌ರಚನೆಯ ನಂತರ, 1987ರ ಹೊತ್ತಿಗೆ ಅದೇ 100 ನೈರಾ ಸುಮಾರು 325 ರೂಪಾಯಿಗೆ ಇಳಿಯಿತು. ನೇಮಕಾತಿ ಪತ್ರದಲ್ಲಿ ಬರೆದಿದ್ದ ಸಂಖ್ಯೆ ಒಂದಿಷ್ಟೂ ಕದಲಿರಲಿಲ್ಲ. ಬೆಳ್ಳಿ ಕುಸಿದಾಗ ಇಂಗ್ಲಿಷ್ ಪ್ರೊಫೆಸರರು ಪಟ್ಟ ಕಷ್ಟವನ್ನೇ ನೂರು ವರ್ಷಗಳ ನಂತರ ನಮ್ಮವರು ಪಟ್ಟರು. ಒಂದೇ ವ್ಯತ್ಯಾಸ, ಇವರಿಗೆ ಪರಿಹಾರ ಭತ್ಯೆ ಕೊಡಿಸಲು ಯಾವ ಸಾಮ್ರಾಜ್ಯವೂ ಇರಲಿಲ್ಲ.

ಈ ಇತಿಹಾಸ ಇಂದಿನವರಿಗೆ ಏಕೆ ಬೇಕು ಎನ್ನುವವರಿಗಾಗಿ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಯುಕ್ತ ಅರಬ್ ಸಂಸ್ಥಾನದ ಶಾಲೆಯೊಂದರ ನೇಮಕಾತಿ ಪತ್ರ ಹಿಡಿದು ಬಂದಳು. "ಸಾರ್, ಇಲ್ಲಿಯ ಸಂಬಳದ ಮೂರರಷ್ಟಿದೆ, ಹೋಗಲೇ?" ಎಂದಳು. ನಾನು ಪತ್ರವನ್ನು ಓದಿದೆ. ಮೂಲ ವೇತನ, ವಸತಿ, ವರ್ಷಕ್ಕೊಂದು ವಿಮಾನದ ಟಿಕೆಟ್, ಸೇವಾಂತ್ಯದ ಉಪದಾನ. ಲೀ ಆಯೋಗದ ಪಟ್ಟಿಯಲ್ಲಿ ಹಡಗಿನ ಬದಲು ವಿಮಾನ ಬರೆದಂತಿತ್ತು! ಆದರೆ ಒಟ್ಟು ಮೊತ್ತ ದೊಡ್ಡದಾಗಿದ್ದು ಮೂಲ ವೇತನ ಸಣ್ಣದಾಗಿತ್ತು. ಅಲ್ಲಿಯ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ವರ್ಷವೊಂದಕ್ಕೆ 21 ದಿನದ ಮೂಲ ವೇತನವೇ ಉಪದಾನ. ಮೂಲ ವೇತನ ಕುಗ್ಗಿಸಿದರೆ ಅದೂ ಕುಗ್ಗುತ್ತದೆ. ವಸತಿಯೆಂದರೆ ಸ್ವಂತ ಮನೆಯೋ, ನಾಲ್ವರ ಜೊತೆ ಹಂಚಿಕೊಳ್ಳುವ ಕೋಣೆಯೋ? ಗಂಡ, ಮಗುವನ್ನು ಕರೆದೊಯ್ಯಲು ಆ ಸಂಬಳಕ್ಕೆ ಅನುಮತಿ ಸಿಕ್ಕೀತೇ? ಮಗುವಿನ ಶಾಲೆಯ ಶುಲ್ಕ ಯಾರದು? ಅಲ್ಲಿ ಆದಾಯ ತೆರಿಗೆಯಿಲ್ಲ ನಿಜ. ಬಾಡಿಗೆ, ಶುಲ್ಕಗಳು ಆ ತೆರಿಗೆಯ ಕೆಲಸವನ್ನು ತಾವೇ ಮಾಡುತ್ತವೆ. ಭಾರತೀಯ ಪಠ್ಯಕ್ರಮದ ಶಾಲೆಯಲ್ಲಿ ನಮ್ಮವರಿಗೆ ಸಿಗುವ ಸಂಬಳಕ್ಕೂ ಬ್ರಿಟಿಷ್ ಪಠ್ಯಕ್ರಮದ ಶಾಲೆಯಲ್ಲಿ ಇಂಗ್ಲೆಂಡಿನವರಿಗೆ ಸಿಗುವ ಸಂಬಳಕ್ಕೂ ಇರುವ ಅಂತರ ಕೊಲ್ಲಿ ದೇಶಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟು, ಉತ್ತರ ತರಿಸಿಕೊಂಡು ನೀನೇ ತೀರ್ಮಾನಿಸು ಎಂದೆ. ಆಕೆ ಪತ್ರ ಬರೆದು ಮೂಲ ವೇತನವನ್ನು ಹೆಚ್ಚಿಸಿಕೊಂಡೇ ಹೋದಳು. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಹೇಳಿ ಸುಮ್ಮನಿರಿಸಬಹುದಾಗಿತ್ತು. ಬೆಟ್ಟ ಹತ್ತಲೇಬೇಕಾದವರಿಗೆ ಗಾದೆಗಿಂತ ದಾರಿಯ ವಿವರ ಮುಖ್ಯ.

ಇಂಥ ಚರ್ಚೆ ನಡೆದಾಗಲೆಲ್ಲ ನಮ್ಮ ತಾಲ್ಲೂಕಿನವರು ಡಾ. ಎಚ್. ನರಸಿಂಹಯ್ಯನವರ ಹೆಸರೆತ್ತುವುದುಂಟು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದ ಅವರಿಗೆ ಅಲ್ಲಿ ಡಾಲರಿನ ಬದುಕು ಕಷ್ಟವಿರಲಿಲ್ಲ. ಅವರು ಮರಳಿ ಬಂದು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು, 2005ರಲ್ಲಿ ತೀರಿಕೊಳ್ಳುವವರೆಗೂ ಖಾದಿ ಉಟ್ಟು ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಇಂದಿಗೂ ನಡೆಯುತ್ತಿರುವುದರ ಹಿಂದೆ ಅವರ ದುಡಿಮೆಯಿದೆ. ಅವರನ್ನು ನೆನೆದು ನಾನು ಕೈಮುಗಿಯುತ್ತೇನೆ. ಆದರೆ ಎಚ್ಚೆನ್ ಅವರ ತ್ಯಾಗವನ್ನು ಕೋಲು ಮಾಡಿಕೊಂಡು, ಸಾಲ ತೀರಿಸಲು ಹೊರದೇಶಕ್ಕೆ ಹೋದ ಬಡ ಮೇಷ್ಟರನ್ನು ಹೊಡೆಯುವುದು ಸರಿಯಲ್ಲ. ಅವರು ಮದುವೆಯಾಗದೆ ಸ್ವಂತ ಇಚ್ಛೆಯಿಂದ ಆರಿಸಿಕೊಂಡ ಬದುಕು ಅದು. ತ್ಯಾಗವನ್ನು ತನ್ನಿಂದ ತಾನೇ ಮಾಡಬಹುದು, ಇನ್ನೊಬ್ಬರಿಂದ ವಸೂಲು ಮಾಡಲಾಗದು. ಹಾಗೆ ವಸೂಲು ಮಾಡಹೊರಟದ್ದನ್ನೇ ಬೋಸರು ಮೂರು ವರ್ಷ ನಿರಾಕರಿಸಿದ್ದು.

ಓದುಗ ಮಿತ್ರರಲ್ಲಿ ಕೊನೆಯದಾಗಿ ಒಂದು ವಿನಂತಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಮನೆಗಳಲ್ಲಿ ಹೀಗೆ ಆಫ್ರಿಕಕ್ಕೋ ಕೊಲ್ಲಿ ದೇಶಗಳಿಗೋ ಹೋಗಿ ಪಾಠ ಹೇಳಿದ ಹಿರಿಯರಿದ್ದರೆ, ಅವರ ಟ್ರಂಕುಗಳಲ್ಲಿ ಹಳೆಯ ನೇಮಕಾತಿ ಪತ್ರ, ಬ್ಯಾಂಕಿನ ರಸೀದಿ, ಊರಿಗೆ ಬರೆದ ಕಾಗದಗಳು ಉಳಿದಿರಬಹುದು. ಗೆದ್ದಲು ತಿನ್ನುವ ಮುನ್ನ ತೆಗೆದು, ದಿನಾಂಕ ಗುರುತಿಸಿ ಜೋಪಾನವಾಗಿಡಿ. ಚಕ್ರವರ್ತಿಗಳ ಇತಿಹಾಸವನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದು ನಿಂತ ನಮ್ಮ ಮೇಷ್ಟರ ಇತಿಹಾಸಕ್ಕೆ ಆ ಕಾಗದಗಳೇ ಆಧಾರ.