ಮರಳಿನ ಕಣದಲ್ಲಿ ಭೂಮಿಯ ಬಾಲ್ಯ

ಪಶ್ಚಿಮ ಆಸ್ಟ್ರೇಲಿಯದ ಒಣನೆಲದಲ್ಲಿ ಜ್ಯಾಕ್ ಹಿಲ್ಸ್ ಎಂಬ ಗುಡ್ಡಸಾಲು ಇದೆ. ಅಲ್ಲಿನ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಆದರೆ ಅದರೊಳಗೆ ಹುದುಗಿರುವ ಜಿರ್ಕಾನ್ ಎಂಬ ಖನಿಜದ ಕೆಲವು ಹರಳುಗಳಿಗೆ 400 ಕೋಟಿ ವರ್ಷ ಮೀರಿದೆ. ಕಲ್ಲಿಗಿಂತ ಅದರೊಳಗಿನ ಹರಳು ಹಳೆಯದಾದದ್ದು ಹೇಗೆ?

ಹಳೆಯ ಮನೆ ಕೆಡವಿ, ಅದರ ಕಂಬಗಳನ್ನೇ ಬಳಸಿ ಹೊಸ ಮನೆ ಕಟ್ಟುವುದುಂಟು. ಇಲ್ಲಿ ಆಗಿರುವುದೂ ಅದೇ. ಹರಳು ಹುಟ್ಟಿದ ಮೂಲ ಬಂಡೆ ಸವೆದು ಮರಳಾಯಿತು. ಮರಳು ನೀರಿನಲ್ಲಿ ಹರಿದು ಬಂದು, ಪದರಗಟ್ಟಿ ಮತ್ತೆ ಕಲ್ಲಾಯಿತು. ಬಂಡೆ ಅಳಿಯಿತು, ಗಟ್ಟಿ ಜಿರ್ಕಾನ್ ಉಳಿಯಿತು.

ಜಿರ್ಕಾನ್ ಒಂದು ಗಡಿಯಾರವೂ ಹೌದು. ಶಿಲಾಪಾಕದಲ್ಲಿ ಹರಳುಗಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಮುಂದೆ ಯುರೇನಿಯಂ ಕ್ಷಯಿಸಿ ಸೀಸವಾಗುತ್ತದೆ. ಯುರೇನಿಯಂ-238 ಅರ್ಧದಷ್ಟಾಗಲು 447 ಕೋಟಿ ವರ್ಷ ಬೇಕು. ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ ಸಾಕು. ಎರಡೂ ಲೆಕ್ಕ ತಾಳೆಯಾದರೆ ವಯಸ್ಸನ್ನು ನಂಬಬಹುದು.

ಭೂಕವಚದ ತುಣುಕು ಮತ್ತೆ ಕಾದು ಕರಗಿದಾಗ, ಹಳೆಯ ಹರಳಿನ ಸುತ್ತ ಮರದ ಉಂಗುರದಂತೆ ಹೊಸ ಪದರ ಬೆಳೆಯುವುದುಂಟು. ಹರಳಿನ ತಿರುಳು ಅದರ ಹುಟ್ಟನ್ನು ಹೇಳಿದರೆ, ಅಂಚು ಆ ಮರುಪಾಕದ ಕಾಲವನ್ನು ಹೇಳುತ್ತದೆ. ಎರಡನ್ನೂ ಬೇರೆಬೇರೆಯಾಗಿ ಅಳೆಯಬಲ್ಲ ‘ಶ್ರಿಂಪ್’ ಎಂಬ ಯಂತ್ರವನ್ನು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ವಿಲಿಯಂ ಕಾಂಪ್‌ಸ್ಟನ್ ಮತ್ತು ಸಂಗಡಿಗರು ರೂಪಿಸಿದರು. ಅದರ ಅಯಾನು ಕಿರಣ ಕೂದಲೆಳೆಗಿಂತ ತೆಳುವು.

ಈ ಯಂತ್ರದಿಂದಲೇ ಕಾಂಪ್‌ಸ್ಟನ್ ಮತ್ತು ರಾಬರ್ಟ್ ಪಿಜನ್ 1986ರಲ್ಲಿ ಜ್ಯಾಕ್ ಹಿಲ್ಸ್‌ನ ಹರಳೊಂದಕ್ಕೆ 427.6 ಕೋಟಿ ವರ್ಷವೆಂದು ಪ್ರಕಟಿಸಿದರು. 2001ರಲ್ಲಿ ಸೈಮನ್ ವೈಲ್ಡ್ ಅವರ ತಂಡ 440.4 ಕೋಟಿ ವರ್ಷದ ಹರಳನ್ನು ಗುರುತಿಸಿತು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಅಂದರೆ, ಭೂಮಿ ಹುಟ್ಟಿ 15 ಕೋಟಿ ವರ್ಷ ಕಳೆಯುವುದರೊಳಗೆ ಈ ಹರಳು ಹುಟ್ಟಿತ್ತು.

ಆ ಆದಿಯುಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಹೇಡಿಯನ್’. ಗ್ರೀಕರ ಪಾತಾಳವಾದ ಹೇಡಿಸ್‌ನಿಂದ ಬಂದ ಹೆಸರಿದು. ಆಗ ಭೂಮಿ ಬೆಂಕಿಯ ಕುಲುಮೆಯಾಗಿತ್ತೆಂಬುದು ಬಹುಕಾಲದ ನಂಬಿಕೆ. ಆದರೆ 2001ರಲ್ಲಿ ಎರಡು ತಂಡಗಳು ಈ ಹರಳುಗಳಲ್ಲಿ ಭಾರದ ಆಮ್ಲಜನಕದ ಪ್ರಮಾಣ ಹೆಚ್ಚಿರುವುದನ್ನು ಕಂಡವು. ನೆಲದ ಮೇಲೆ ದ್ರವರೂಪದ ನೀರು ತಾಕಿ ಬದಲಾದ ಕಲ್ಲು ಮರಳಿ ಒಳಗೆ ಹೋಗಿ ಕರಗಿತ್ತೆಂಬುದಕ್ಕೆ ಇದು ಸುಳಿವು. ಹರಳುಗಳಲ್ಲಿನ ಹ್ಯಾಫ್ನಿಯಂ ಧಾತುವೂ ಅವು ಇನ್ನೂ ಹಳೆಯ ಭೂಕವಚದ ಮರುಪಾಕದಿಂದ ಬಂದವೆಂದೇ ಸೂಚಿಸುತ್ತದೆ.

ಆಗಲೇ ದೊಡ್ಡ ಖಂಡಗಳಿದ್ದವೇ, ಇಲ್ಲ ಚೂರುಪಾರು ನೆಲವಷ್ಟೇ ಇತ್ತೇ? ವಾದ ಮುಗಿದಿಲ್ಲ. ಆ ಮೊದಲ ನೆಲದ ಬಂಡೆ ಯಾರ ಕೈಗೂ ಸಿಕ್ಕಿಲ್ಲ. ಸಿಕ್ಕಿರುವುದು ಮರಳಿನ ಕಣದಷ್ಟು ಸಾಕ್ಷಿ.