ವಿದೇಶಿ ಸಂಗಾತಿಯೊಂದಿಗಿನ ವಿವಾಹದ ದಾಖಲೆಗಳು (ಭಾರತ)

ಭಾರತೀಯ ಪ್ರಜೆಯೊಬ್ಬರು ವಿದೇಶಿ ಪ್ರಜೆಯನ್ನು ವರಿಸಿದಾಗ ಆ ಸಂಬಂಧಕ್ಕೆ ಎರಡೂ ದೇಶಗಳಲ್ಲಿ ಕಾನೂನಿನ ಮಾನ್ಯತೆ ದೊರಕಿಸಿಕೊಡುವ ನೋಂದಣಿ, ಪ್ರಮಾಣಪತ್ರ ಹಾಗೂ ದೃಢೀಕರಣಗಳು ಈ ವರ್ಗಕ್ಕೆ ಸೇರುತ್ತವೆ. ದಂಪತಿ ಒಂದೇ ದೇಶದಲ್ಲಿ ಕೂಡಿ ಬಾಳುವ ಅವಕಾಶವೇ ಇವನ್ನು ಅವಲಂಬಿಸಿರುವುದರಿಂದ ಇವುಗಳ ಮಹತ್ತ್ವ ದೊಡ್ಡದು.

ನೋಂದಣಿ. 1955ರ ಹಿಂದೂ ವಿವಾಹ ಅಧಿನಿಯಮವು ವಧೂವರರಿಬ್ಬರೂ ಅದರ ವ್ಯಾಪ್ತಿಗೆ ಬರುವ ಧರ್ಮಗಳವರಾಗಿದ್ದರೆ ಮಾತ್ರ ಅನ್ವಯಿಸುವುದರಿಂದ, ಅನ್ಯಧರ್ಮೀಯ ವಿದೇಶಿಯೊಡನೆ ದೇವಸ್ಥಾನದಲ್ಲಿ ಧಾರೆ ನಡೆದ ಮಾತ್ರಕ್ಕೆ ಆ ಕಾಯಿದೆಯಡಿ ನೋಂದಣಿ ಸಿಗದು. ಇಂಥವರಿಗೆ ಧರ್ಮಭೇದವೆಣಿಸದ 1954ರ ವಿಶೇಷ ವಿವಾಹ ಅಧಿನಿಯಮವೇ ಮುಖ್ಯ ಆಧಾರ. ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿದ್ದು, ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಕರ್ನಾಟಕದಲ್ಲಿ ಈ ಕೆಲಸ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಡೆಯುತ್ತದೆ. ಪ್ರಕಟಣೆಯಾದ 30 ದಿನಗಳಲ್ಲಿ ಆಕ್ಷೇಪಣೆ ಬಾರದಿದ್ದರೆ, ಮೂವರು ಸಾಕ್ಷಿಗಳ ಎದುರು, ತಮಗೆ ತಿಳಿಯುವ ಯಾವುದೇ ಭಾಷೆಯಲ್ಲಿ ಪರಸ್ಪರರನ್ನು ಪತಿಪತ್ನಿಯರಾಗಿ ಸ್ವೀಕರಿಸುವುದಾಗಿ ಘೋಷಿಸಿದ ಬಳಿಕ ಪ್ರಮಾಣಪತ್ರ ಸಿದ್ಧವಾಗುತ್ತದೆ. ವಿದೇಶಿ ಸಂಗಾತಿ ಅವಿವಾಹಿತರು, ವಿಚ್ಛೇದಿತರು ಅಥವಾ ವಿಧುರ–ವಿಧವೆಯರು ಎಂಬುದಕ್ಕೆ ಅವರ ದೇಶದ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ. ವಿವಾಹ ಹೊರದೇಶದಲ್ಲಿ ನಡೆಯುವುದಾದರೆ, ಒಬ್ಬರಾದರೂ ಭಾರತೀಯರಾಗಿರುವ ಜೋಡಿಗೆ 1969ರ ವಿದೇಶಿ ವಿವಾಹ ಅಧಿನಿಯಮ ಅನ್ವಯಿಸುತ್ತದೆ.

ದೃಢೀಕರಣ. ಒಂದು ದೇಶದ ಸಾರ್ವಜನಿಕ ದಾಖಲೆಯ ಸಹಿ ಮತ್ತು ಮೊಹರು ನೈಜವೆಂದು ಇನ್ನೊಂದು ದೇಶಕ್ಕೆ ತಿಳಿಸುವ ಏಕರೂಪದ ಮುದ್ರೆಗೆ ಅಪೊಸ್ಟಿಲ್ ಎಂದು ಹೆಸರು. 1961ರ ಹೇಗ್ ಒಪ್ಪಂದದಿಂದ ಬಂದ ಈ ಪದ್ಧತಿ ಭಾರತದಲ್ಲಿ 2005ರಲ್ಲಿ ಜಾರಿಗೆ ಬಂತು. ರಾಜ್ಯ ಸರ್ಕಾರದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯ ಇದನ್ನು ನೀಡುತ್ತದೆ. ಒಪ್ಪಂದಕ್ಕೆ ಸೇರದ ದೇಶಗಳಿಗೆ ಅವುಗಳ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಅಪೊಸ್ಟಿಲ್ ದಾಖಲೆಯ ಒಳವಿವರಗಳಿಗೆ ಹೊಣೆಯಾಗದ ಕಾರಣ ಮೂಲಪತ್ರದಲ್ಲಿನ ತಪ್ಪು ಹಾಗೆಯೇ ಮುಂದುವರಿಯುತ್ತದೆ.

ಹೆಸರಿನ ಹೊಂದಾಣಿಕೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬಳಸುವ ಕನ್ನಡಿಗರ ರೂಢಿ ಇಲ್ಲಿ ವಿಶೇಷ ಎಚ್ಚರ ಬೇಡುತ್ತದೆ. ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿ ಬರೆದ ಹೆಸರು ವಿವಾಹ ಪ್ರಮಾಣಪತ್ರದಲ್ಲಿ ಇನಿಷಿಯಲ್ಲುಗಳಿಗೆ ಇಳಿದರೆ, ಕುಲನಾಮವನ್ನೇ ಗುರುತಾಗಿ ನೋಡುವ ದೇಶಗಳಲ್ಲಿ ಅವೆರಡೂ ಬೇರೆ ಬೇರೆ ವ್ಯಕ್ತಿಗಳವೆಂಬ ಸಂದೇಹ ಹುಟ್ಟಬಹುದು. ಆದ್ದರಿಂದ ನೋಟಿಸು ಸಲ್ಲಿಸುವಾಗಲೇ ಪಾಸ್‌ಪೋರ್ಟಿನ ಕಾಗುಣಿತವನ್ನು ಅನುಸರಿಸುವುದು ಲೇಸು.

ಪರಿಣಾಮ. ನೋಂದಾಯಿತ ವಿವಾಹವು ಸತತ 2 ವರ್ಷ ಮುಂದುವರಿದ ಮೇಲೆ ಭಾರತೀಯರ ವಿದೇಶಿ ಸಂಗಾತಿಯು, ಇತರ ಷರತ್ತುಗಳಿಗೆ ಒಳಪಟ್ಟು, ಸಾಗರೋತ್ತರ ಭಾರತೀಯ ಪ್ರಜೆ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು.